ಬಿರುಕಿಗೆ ಅಂಟಿಸಿದ ಗಾಜು

ಫೆಬ್ರವರಿ ೩, ಸೋಮವಾರ

ಇವತ್ತು ಆ ಮನುಷ್ಯ ಬಂದ. ಭೂಕಂಪವಾದ ಮೇಲೆ ಊರಿನ ಶಾಲೆಗಳನ್ನೆಲ್ಲ ನೋಡಿ, ಯಾವ ಕಟ್ಟಡದೊಳಗೆ ಮಕ್ಕಳನ್ನು ಕೂರಿಸಬಹುದು, ಯಾವುದರೊಳಗೆ ಕೂರಿಸಬಾರದು ಎಂದು ಹೇಳಲು ಇಲಾಖೆ ಕಳಿಸಿರುವ ಇಂಜಿನಿಯರ್. ಹತ್ತಕ್ಕೆ ಬರುತ್ತೇನೆ ಎಂದವನು ಊಟದ ಹೊತ್ತಿಗೆ ಬಂದ. ನಮಸ್ಕಾರವಿಲ್ಲ, ತಡವಾಯಿತು ಎಂಬ ಮಾತಿಲ್ಲ. ಗೇಟು ದಾಟಿದವನೇ ನನ್ನ ಶಾಲೆಯ ಸುತ್ತ ಹೊರಗಿನಿಂದಲೇ ಒಂದು ಸುತ್ತು ಬಂದ, ಕೊಳ್ಳುವ ಮನಸ್ಸಿಲ್ಲದೆ ದನ ನೋಡುವವರ ಹಾಗೆ.

“ಒಳಗೆ ಬನ್ನಿ” ಎಂದೆ.

“ಒಳಗೆ ಕೊನೇಲಿ. ಹೊರಗಿಂದ ನೋಡಿದಾಗ ಬೀಳೋ ಹಾಗಿದ್ರೆ ಒಳಗೆ ಹೋಗೋದೇ ಇಲ್ಲ.”

ಮೈಯೆಲ್ಲ ಉರಿಯಿತು. ನಾನು ಮುಖ್ಯೋಪಾಧ್ಯಾಯಿನಿಯಾದ ಮೇಲೆ ಈ ಶಾಲೆಗೆ ಮೇಲಂತಸ್ತು ಬಂತು, ನಲ್ಲಿ ಬಂತು, ಪ್ರಯೋಗಾಲಯ ಬಂತು. ಊರಿನ ಅರ್ಧ ಮನೆಗಳ ಮಾಡು ಉದುರಿ, ಅಂಚೆ ಕಚೇರಿಯ ಗೋಡೆ ಬೀದಿಯಲ್ಲಿ ಮಲಗಿದ ದಿನವೂ ಇದು ನೆಟ್ಟಗೆ ನಿಂತಿತ್ತು. ಇವನು ಬಂದು ಬೀಳೋ ಹಾಗಿದ್ರೆ ಅನ್ನುತ್ತಾನೆ.

ಕೈಯಲ್ಲೊಂದು ಸಣ್ಣ ಸುತ್ತಿಗೆ. ಗೋಡೆಗೆ ಟಕ್ ಎಂದು ಬಡಿಯುವುದು, ಕಿವಿಗೊಟ್ಟು ಕೇಳುವುದು, ಮುಂದಕ್ಕೆ ಹೋಗುವುದು. ಗಟ್ಟಿಯಿದ್ದರೆ ಒಂದು ಸದ್ದು, ಗಾರೆ ಬಿಟ್ಟು ಪೊಳ್ಳಾಗಿದ್ದರೆ ಇನ್ನೊಂದು ಸದ್ದಂತೆ. ನನಗೆ ಎರಡೂ ತಲೆನೋವಿನ ಸದ್ದಾಗಿಯೇ ಕೇಳಿದವು. ಅಲ್ಲೇ ಅವನಿಗೆ ಸುತ್ತಿಗೆ ಎಂದು ಹೆಸರಿಟ್ಟೆ.

ಜಗುಲಿಯ ಕೊನೆಯಲ್ಲಿ, ಒಂದನೇ ತರಗತಿಯ ಪಕ್ಕದ ಕಂಬದ ಮೇಲೆ ಓರೆಯಾಗಿ ಒಂದು ಬಿರುಕು ಇದೆ. ಕೂದಲಿನಷ್ಟು. ಸುತ್ತಿಗೆ ಅದರ ಮುಂದೆ ನಿಂತವನು, ನನ್ನನ್ನು ಒಂದು ಮಾತು ಕೇಳದೆ, ಅಂಗೈಯಗಲ ಗಾರೆ ಕೆತ್ತಿ ಹಾಕಿದ. ಹೋದ ವರ್ಷ ಬಣ್ಣ ಹೊಡೆಸಿದ ಕಂಬ.

“ಗಾರೆ ಬಿರುಕು ಗಾರೇಲೇ ನಿಂತಿದ್ರೆ ನಾನು ಈಗ್ಲೇ ಹೊರಟುಬಿಡ್ತಿದ್ದೆ ಮೇಡಂ. ಇದು ಕಾಂಕ್ರೀಟಿನ ಒಳಗೆ ಹೋಗಿದೆ.”

“ಕೂದಲಿನಷ್ಟಿದೆ, ಅಷ್ಟೆ.”

“ಕೂದಲು ಬೆಳೆಯುತ್ತೆ.”

ನಾಲಿಗೆ ನೋಡಿ ಅವನದು. ಆಮೇಲೆ ಪಾಠ ಬೇರೆ ಮಾಡಿದ: ಕಿಟಕಿಯ ಕೆಳಗಿನ ಅರ್ಧ ಗೋಡೆ ಎರಡೂ ಕಡೆಯಿಂದ ಕಂಬದ ಕಾಲು ಹಿಡಿದುಕೊಂಡಿದೆಯಂತೆ. ನೆಲ ಅಲುಗಾಡಿದಾಗ ಇಡೀ ಕಂಬ ಬಾಗುವ ಬದಲು ಮೇಲಿನ ಅರ್ಧವೇ ಎಲ್ಲ ಏಟು ತಿನ್ನುತ್ತದಂತೆ. ನನಗೆ ಪಾಠ ಮಾಡುವವರು ಇಷ್ಟು ವರ್ಷ ಯಾರೂ ಸಿಕ್ಕಿರಲಿಲ್ಲ, ಈಗ ಸಿಕ್ಕಿದರು.

ವಿಷಯ ಇಷ್ಟು. ಅವನು ಬಾಗಿಲಿಗೆ ಹಸಿರು ಕಾಗದ ಅಂಟಿಸಿದರೆ ನಾನು ಶಾಲೆ ತೆರೆಯಬಹುದು. ಕೆಂಪು ಅಂಟಿಸಿದರೆ ಬೀಗ. ಬೀಗ ಬಿದ್ದರೆ ಇಲಾಖೆ ನನ್ನ ಶಾಲೆಯನ್ನೇ ಮುಚ್ಚಿ, ಮಕ್ಕಳನ್ನು ಕಾಲುವೆಯಾಚೆಯ ಶಾಲೆಯೊಳಗೆ ಸೇರಿಸಿಬಿಡುತ್ತದೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ನನ್ನ ಒಡಹುಟ್ಟಿದ ತಂಗಿ. ಅದಕ್ಕಿಂತ ಸಾಯುವುದು ವಾಸಿ.

ಇವತ್ತು ಹಳದಿ ಅಂಟಿಸಿ ಹೋಗಿದ್ದಾನೆ. ಅದರರ್ಥ ಏನು ಎಂದು ಕೇಳಿದೆ. “ನನಗಿನ್ನೂ ಗೊತ್ತಿಲ್ಲ ಅಂತ” ಎಂದ.

ಫೆಬ್ರವರಿ ೪, ಮಂಗಳವಾರ

ಸುತ್ತಿಗೆ ಮತ್ತೆ ಬಂದ. ಗಾಜು ಬೇಕಂತೆ. ತಂದಿದ್ದೆಲ್ಲ ಬೇರೆ ಶಾಲೆಗಳ ಬಿರುಕಿಗೆ ಖರ್ಚಾಯಿತಂತೆ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಸ್ಲೈಡು ಇದ್ದರೆ ಕೊಡಿ ಎಂದ. ಕೆತ್ತಲು ನನ್ನ ಕಂಬ, ಅಂಟಿಸಲು ನನ್ನ ಗಾಜು. ಹೊಸ ಪೆಟ್ಟಿಗೆ ತೆಗೆದು ಕೊಟ್ಟೆ, ಮುಖ ಗಂಟು ಹಾಕಿಕೊಂಡೇ ಕೊಟ್ಟೆ.

ಕರಕುಶಲ ಪಾಠದ ಕಪಾಟಿನಿಂದ ಪ್ಲಾಸ್ಟರ್ ಪುಡಿಯನ್ನೂ ಅವನೇ ಹುಡುಕಿಕೊಂಡ. ಬಟ್ಟಲಲ್ಲಿ ಕಲಸಿ, ಬಿರುಕಿನ ಎರಡೂ ಪಕ್ಕ ಒಂದೊಂದು ಮುದ್ದೆ ಮೆತ್ತಿ, ಸ್ಲೈಡನ್ನು ಬಿರುಕಿನ ಮೇಲೆ ಅಡ್ಡಲಾಗಿ ಸೇತುವೆಯ ಹಾಗೆ ಕೂರಿಸಿದ. ಹಸಿ ಪ್ಲಾಸ್ಟರಿನ ಮೇಲೆ ಮೊಳೆಯಿಂದ ಇವತ್ತಿನ ತಾರೀಕು ಗೀಚಿದ. ಬೇರೆ ಕಡೆ ಇರುವ ಸಣ್ಣಪುಟ್ಟ ಬಿರುಕುಗಳಿಗೂ ಹಾಗೇ ಮಾಡಿದ.

“ಗಾಜಿಗೆ ಬಾಗೋಕೆ ಬರಲ್ಲ ಮೇಡಂ. ಕಂಬ ಒಂದೆಳೆ ಜರುಗಿದ್ರೂ ಅದು ಒಡೆಯುತ್ತೆ. ಮೂರು ವಾರ ಒಡೀದೇ ಇದ್ರೆ ಬಿರುಕು ನಿಂತಿದೆ ಅಂತ. ಹಸಿರು ಕೊಡ್ತೀನಿ. ಒಡೆದ್ರೆ ಕೆಂಪು.”

“ಭೂಮಿ ನಡುಗಿದಾಗ ಒಡೆದ್ರೆ?”

“ಆಗ್ಲೂ ಕೆಂಪೇ. ಭೂಮಿ ಸುಮ್ನಿದ್ದು ಒಡೆದ್ರೆ ಮಾತ್ರ ನೀವು ಅಲ್ಲಿ ನಿಂತು ನನಗೆ ಫೋನ್ ಮಾಡ್ಬೇಡಿ, ಮೊದ್ಲು ಹೊರಗೆ ಬನ್ನಿ. ಮೇಲಿನ ಭಾರ ಕಂಬ ತಡೀತಾ ಇಲ್ಲ ಅಂತ ಅರ್ಥ.”

ದಿನಕ್ಕೊಂದು ಸಲ ನಾನು ಗಾಜು ನೋಡಬೇಕು, ಒಡೆದರೆ ತಿಳಿಸಬೇಕು. ಕೀಲಿ ನನ್ನ ಹತ್ತಿರವೇ ಇದೆ. ನೋಡೋಣಂತೆ ಯಾವ ಗಾಜು ಒಡೆಯುತ್ತದೋ.

ಫೆಬ್ರವರಿ ೭, ಶುಕ್ರವಾರ

ಈಗ ನನ್ನ ಮಕ್ಕಳಿಗೆ ತಂಗಿಯ ಶಾಲೆಯಲ್ಲಿ ಮಧ್ಯಾಹ್ನದ ಪಾಳಿ. ಬೆಳಗಿನ ಪಾಳಿ ಅವಳ ಮಕ್ಕಳದು. ನಮ್ಮವರು ಹೋಗುವ ಹೊತ್ತಿಗೆ ಸೀಮೆಸುಣ್ಣದ ತುಂಡುಗಳೂ ಉಳಿದಿರುವುದಿಲ್ಲ. ಕಪ್ಪುಹಲಗೆಯ ಒಂದು ಮೂಲೆಯಲ್ಲಿ “ಅಳಿಸಬಾರದು” ಎಂದು ಚೌಕ ಹಾಕಿರುತ್ತಾರೆ, ನಮ್ಮ ಟೀಚರುಗಳು ಉಳಿದ ಜಾಗದಲ್ಲಿ ಇರುವೆ ಸಾಲಿನ ಹಾಗೆ ಬರೆಯಬೇಕು. ಇವತ್ತು ನಾನು ಅಷ್ಟನ್ನೂ ಅಳಿಸಿದೆ.

ಅದಕ್ಕೆ ಮನೆಯಲ್ಲಿ ರಗಳೆ. ಮನೆಯಲ್ಲಿ ಎಂದರೆ ನನ್ನ ಮನೆಯಲ್ಲಿ. ಭೂಕಂಪಕ್ಕೆ ಅವಳ ಮನೆಯ ಮೆಟ್ಟಿಲು ಕುಸಿದು, ಗಂಟುಮೂಟೆ ಕಟ್ಟಿಕೊಂಡು ಬಂದು ನನ್ನ ಮುಂದಿನ ಕೋಣೆಯಲ್ಲಿ ಬೀಡುಬಿಟ್ಟಿದ್ದಾಳೆ. ಹಗಲು ನಾನು ಅವಳ ಹಂಗಿನಲ್ಲಿ, ಸಂಜೆ ಅವಳು ನನ್ನ ಹಂಗಿನಲ್ಲಿ.

“ಅಕ್ಕ, ಆ ಚೌಕದಲ್ಲಿ ಇದ್ದದ್ದು ಏಳನೇ ತರಗತಿ ಪರೀಕ್ಷೆ ಲೆಕ್ಕ.”

“ಉತ್ತರ ತಪ್ಪಿತ್ತು ಕಣೇ.”

“ತಪ್ಪಿರಲಿಲ್ಲ.”

ತಪ್ಪಿರಲಿಲ್ಲ, ನಿಜ. ಆದರೆ ಒಪ್ಪಿಕೊಂಡರೆ ಅವಳು ತಲೆಯ ಮೇಲೆ ಕೂರುತ್ತಾಳೆ.

ಫೆಬ್ರವರಿ ೮, ಶನಿವಾರ

ಬೆಳಿಗ್ಗೆ ಸಣ್ಣಗೆ ನಡುಗಿತು. ಲೋಟಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಒಂದೇ ಒಂದು ಗಾಜು ಒಡೆದಿಲ್ಲ. ಕಂಬದ ಗಾಜಿನ ಮೇಲೆ ನನ್ನ ಮುಖ ಕಂಡಿತು, ಹಲ್ಲು ಕಿರಿಯುತ್ತಿದ್ದೆ.

ಗೇಟಿನಲ್ಲಿ ದರ್ಜಿ ಸಿಕ್ಕಿದ. ಅವನ ಮಗಳು ನಮ್ಮ ಒಂದನೇ ತರಗತಿ. “ನಮ್ಮ ಸ್ಕೂಲು ಯಾವಾಗ ತೆಗೀತೀರಾ ದೊಡ್ಡ ಟೀಚರ್? ಆ ಶಾಲೇಲಿ ನಮ್ಮ ಮಗೂನ ಮಧ್ಯಾಹ್ನದವಳು ಅಂತ ಕರೀತಾರಂತೆ” ಎಂದ. ಇನ್ನು ಸ್ವಲ್ಪ ದಿನ ಎಂದೆ. “ಆ ಇಂಜಿನಿಯರ್‌ಗೆ ಏನಾದ್ರೂ ಹೇಳ್ಬೇಕಿದ್ರೆ ನಮ್ಗೆ ಹೇಳಿ” ಎಂದ. ಒಳ್ಳೆಯ ಮನುಷ್ಯ.

ಫೆಬ್ರವರಿ ೧೨, ಬುಧವಾರ

ಕಂಬದ ಗಾಜು ಒಡೆದಿದೆ.

ನಿನ್ನೆ ಸಂಜೆ ಮತ್ತೆ ನಡುಗಿತ್ತು, ಶನಿವಾರಕ್ಕಿಂತ ಜೋರಾಗಿ. ಆದರೆ ಅದಕ್ಕೇ ಒಡೆಯಿತು ಎಂದು ಯಾರು ಹೇಳಬೇಕು? ಜಗುಲಿಯ ತುಂಬ ಪಾರಿವಾಳಗಳು. ಗೋಡೆ ಹಾರಿ ಬಂದು ಚೆಂಡು ಆಡುವ ದೊಡ್ಡ ಹುಡುಗರಿದ್ದಾರೆ. ಜವಾನನನ್ನು ಕೂಗಿ ಪೊರಕೆ ತಾಗಿಸಿದೆಯಾ ಎಂದು ಗದರಿಸಿದೆ. “ನಾನು ಆ ಕಡೆ ಹೋಗೇ ಇಲ್ಲ ಅಮ್ಮಾ, ಆ ಕಂಬ ನೋಡಿದ್ರೆ ಭಯ ಆಗುತ್ತೆ” ಎಂದ. ಸುತ್ತಿಗೆ ಇವನ ತಲೆಯನ್ನೂ ಕೆಡಿಸಿದ್ದಾನೆ.

ಒಡೆದದ್ದೂ ಚೂರುಚೂರಾಗಿ ಅಲ್ಲ. ನಡುವೆ ನೆಟ್ಟಗೆ ಒಂದು ಗೆರೆ, ಅಡಿಕೋಲಿಟ್ಟು ಎಳೆದಂತೆ. ಪಾರಿವಾಳ ಕುಕ್ಕಿದರೆ ಹಾಗೆ ಒಡೆಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಅದು ನನ್ನ ವಿಷಯವಲ್ಲ.

ಫೋನ್ ಕೈಗೆತ್ತಿಕೊಂಡೆ. ಪಾರಿವಾಳ ಎಂದರೆ ಸುತ್ತಿಗೆ ನಂಬುತ್ತಾನೆಯೇ? ಕೆಂಪು ಕಾಗದ ಜೇಬಿನಲ್ಲೇ ಇಟ್ಟುಕೊಂಡು ತಿರುಗುವವನು. ಪಾರಿವಾಳದ ತಪ್ಪಿಗೆ ನನ್ನ ಶಾಲೆ ಹೋಗಬೇಕೇ? ಜವಾನನನ್ನು ಅಂಚೆ ತರಲು ಕಳಿಸಿ, ಬಟ್ಟಲಲ್ಲಿ ಪ್ಲಾಸ್ಟರ್ ಕಲಸಿದೆ. ಹಳೆಯದನ್ನು ಕೆರೆದು ಹೊಸ ಸ್ಲೈಡು ಕೂರಿಸಿದೆ. ಅವನು ಗೀಚಿದಂತೆಯೇ ನಾಲ್ಕನೇ ತಾರೀಕು ಗೀಚಿದೆ. ಮಕ್ಕಳು ಅಪ್ಪನ ಹೆಸರಲ್ಲಿ ಹಾಕಿಕೊಂಡು ಬರುವ ಖೋಟಾ ಸಹಿಗಳನ್ನು ದೂರದಿಂದಲೇ ಹಿಡಿಯುವವಳು ನಾನು. ಅವರು ಎಲ್ಲಿ ಎಡವುತ್ತಾರೆಂದು ನನಗೆ ಗೊತ್ತು: ತೀರಾ ನಿಧಾನವಾಗಿ ಬರೆಯುತ್ತಾರೆ. ನಾನು ಸರಸರನೆ ಗೀಚಿದೆ.

ತಪ್ಪೇನೂ ಮಾಡಿಲ್ಲ. ಆದದ್ದನ್ನು ಸರಿ ಮಾಡಿದ್ದೇನೆ.

ಫೆಬ್ರವರಿ ೧೪, ಶುಕ್ರವಾರ

ಶಾಲೆ ತೆರೆಯುವ ದಿನಕ್ಕೆಂದು ವೇಳಾಪಟ್ಟಿ ಹಾಕಲು ಕುಳಿತೆ. ಒಂದನೇ ತರಗತಿಯನ್ನು ಜಗುಲಿ ಕೊನೆಯ ಕೋಣೆಯಿಂದ ಬೇರೆಡೆಗೆ ಹಾಕಿದೆ. ಅಲ್ಲಿ ಬೆಳಕು ಸಾಲದು, ಮಕ್ಕಳ ಕಣ್ಣು ಹಾಳಾಗುತ್ತದೆ. ನನ್ನ ಮೇಜನ್ನು ಆ ಕೋಣೆಗೆ ಸಾಗಿಸಲು ಜವಾನನಿಗೆ ಹೇಳಿದೆ. ನನಗೆ ಹೇಗೂ ಕನ್ನಡಕ ಇದೆ.

ಫೆಬ್ರವರಿ ೧೮, ಮಂಗಳವಾರ

ಸುತ್ತಿಗೆಯ ಬೈಕಿನ ಎರಡೂ ಟೈರುಗಳಿಗೆ ಯಾರೋ ಕತ್ತರಿ ಚುಚ್ಚಿದ್ದಾರೆ. ಊರೆಲ್ಲ ನಗು. ಪೇಟೆಯ ಹೆಣ್ಣುಮಕ್ಕಳ ಶಾಲೆಗೆ ಕೆಂಪು ಅಂಟಿಸಿ ಬಂದ ದಿನವೇ ಹೀಗಾಗಿದೆ. ಯಾರ ಕೆಲಸ ಎಂದು ಯಾರೂ ಹೇಳುವುದಿಲ್ಲ, ಆದರೆ ದಪ್ಪ ಬಟ್ಟೆ ಕತ್ತರಿಸುವ ಕತ್ತರಿ ಊರಿನಲ್ಲಿ ಎಷ್ಟು ಜನರ ಹತ್ತಿರ ಇದೆ?

ಗಾಡಿ ತಳ್ಳಿಕೊಂಡು ಹೋಗುತ್ತಿದ್ದವನು ನಮ್ಮ ಗೇಟಿನ ಮುಂದೆ ನಿಂತ.

“ಗಾಜು ಹೇಗಿದೆ ಮೇಡಂ?”

“ನೀವು ಬಿಟ್ಟು ಹೋದ ಹಾಗೇ ಇದೆ.”

“ಒಳ್ಳೇದು” ಎಂದ. “ಒಂದಾದ್ರೂ ಒಳ್ಳೇ ಸುದ್ದಿ ಸಿಕ್ಕಿತಲ್ಲ.” ಬೆವರು ಒರೆಸಿಕೊಂಡು ಮುಂದಕ್ಕೆ ತಳ್ಳಿದ.

ಇವನಿಗೆ ನನ್ನ ಮೇಲೆ ಯಾಕೆ ಇಷ್ಟು ನಂಬಿಕೆಯೋ. ಕಟ್ಟಡದ ಗಾರೆ ಕೆತ್ತಿ ನೋಡುವವನಿಗೆ ಮನುಷ್ಯರ ಮುಖ ನೋಡಲು ಬರುವುದಿಲ್ಲ. ಊಟ ಸೇರಲಿಲ್ಲ. ಪಿತ್ತ ಆಗಿರಬೇಕು.

ಫೆಬ್ರವರಿ ೨೦, ಗುರುವಾರ

ಇವತ್ತು ತಂಗಿ ನನ್ನನ್ನು ನೋಡಿ ನಕ್ಕಳು. ಅಡುಗೆಮನೆಯ ಗೋಡೆಗೆ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದೆನಂತೆ. ಸುಳ್ಳು. ಜಿರಲೆ ಇತ್ತು. ಆ ಗೋಡೆ ಒಲೆಯ ಪಕ್ಕದಲ್ಲಿ ಪೊಳ್ಳಾಗಿದೆ, ಅದು ಬೇರೆ ಮಾತು. ಅವಳ ಹಾಸಿಗೆಯನ್ನು ಗೋಡೆಯಿಂದ ದೂರ ಎಳೆಸಿದೆ. “ನನ್ನನ್ನ ಬೀದಿಗೇ ಎಳೆದುಬಿಡು” ಎಂದಳು.

ಫೆಬ್ರವರಿ ೨೨, ಶನಿವಾರ

ಮತ್ತೆ ಒಡೆದಿದೆ.

ಭೂಮಿ ನಡುಗಿಲ್ಲ. ವಾರದಿಂದ ಒಂದು ಸಲವೂ ನಡುಗಿಲ್ಲ. ಜವಾನ, ದರ್ಜಿ, ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನವನು, ಸಿಕ್ಕವರನ್ನೆಲ್ಲ ಕೇಳಿದೆ: ನಿಮಗೇನಾದರೂ ಗೊತ್ತಾಯಿತಾ, ರಾತ್ರಿ ನಡುಗಿತಾ? ಯಾರಿಗೂ ಗೊತ್ತಾಗಿಲ್ಲ. ಗೊತ್ತಾಗಿದೆ ಎಂದು ಒಬ್ಬನಾದರೂ ಹೇಳಬಾರದೇ? ಈ ಊರಿನವರು ಬೇಕಿಲ್ಲದ್ದಕ್ಕೆಲ್ಲ ಹೌದು ಎನ್ನುತ್ತಾರೆ.

ಕಂಬದ ಎದುರು ನಿಂತು ಆ ಗೆರೆಯನ್ನೇ ನೋಡಿದೆ. ಆಮೇಲೆ ಯಾಕೋ ಜಗುಲಿಯಿಂದ ಇಳಿದು ಅಂಗಳದ ನಡುವಿಗೆ ಬಂದು ನಿಂತಿದ್ದೆ. ಬಿಸಿಲಿತ್ತು, ಚಳಿ ಬಿಡಿಸಿಕೊಳ್ಳಲು ಬಂದಿರಬೇಕು. ವಾಪಸು ಹೋಗಿ ಮೂರನೇ ಸ್ಲೈಡು ಅಂಟಿಸಿದೆ. ಪ್ಲಾಸ್ಟರು ನೀರಾಗಿ ಎರಡು ಸಲ ಜಾರಿ ಬಿತ್ತು. ಪುಡಿ ಹಳೆಯದು. ತಾರೀಕು ಗೀಚುವಾಗ ನಾಲ್ಕು ಸೊಟ್ಟಗಾಯಿತು, ಅಳಿಸಿ ಮತ್ತೆ ಗೀಚಿದೆ.

ಸ್ಲೈಡು ಕಳಪೆ ಮಾಲು. ಅಂಗಡಿಯವನಿಗೆ ಒಂದು ಬಾರಿ ಬಿಸಿ ಮುಟ್ಟಿಸಬೇಕು.

ಫೆಬ್ರವರಿ ೨೪, ಸೋಮವಾರ

ವೇಳಾಪಟ್ಟಿ ಮುಗಿಯುತ್ತಲೇ ಇಲ್ಲ. ಜಗುಲಿ ಕೊನೆಯ ಕೋಣೆಯ ಮೇಲಿರುವ ಎರಡು ಕೋಣೆಗಳಲ್ಲಿ ಪಾರಿವಾಳದ ಕಾಟ, ಅವನ್ನು ಉಗ್ರಾಣ ಮಾಡಿದೆ. ಆಮೇಲೆ ಹಳೆಯ ಬೆಂಚುಗಳ ಭಾರ ಮೇಲೆ ಯಾಕೆ ಎಂದು ಉಗ್ರಾಣವನ್ನೂ ತೆಗೆಸಿದೆ, ಖಾಲಿ ಬಿಟ್ಟೆ. ಪಕ್ಕದ ಕೋಣೆಗೆ ಬಿಸಿಲು ಹೊಡೆಯುತ್ತದೆ. ಅದರಾಚೆಯದಕ್ಕೆ ಬಣ್ಣದ ವಾಸನೆ. ಐದನೇ ತರಗತಿಯನ್ನು ಅಂಗಳದ ಮರದಡಿ ಕೂರಿಸಿದರೆ ಗಾಳಿ ಚೆನ್ನಾಗಿರುತ್ತದೆ. ಆರನೆಯವರು ಮಾತ್ರ ಒಳಗೆ ಯಾಕೆ, ಅವರನ್ನೂ ಅಲ್ಲೇ ಹಾಕಿದೆ.

ಜವಾನ ಪಟ್ಟಿ ನೋಡಿ ತಲೆ ಕೆರೆದುಕೊಂಡ. “ಹಾಗಾದ್ರೆ ಒಳಗೆ ಯಾರಮ್ಮಾ ಕೂರೋದು?”

“ನಾನು” ಎಂದೆ. ಈಚೆಗೆ ಇವನಿಗೂ ಸಲಿಗೆ ಹೆಚ್ಚಾಗಿದೆ.

ಫೆಬ್ರವರಿ ೨೬, ಬುಧವಾರ

ಹಸಿರು.

ಹಸಿರು ಅಂಟಿಸಿ ಹೋದ. ನನಗೆ ಇನ್ನೂ ಕೋಪ ಇಳಿದಿಲ್ಲ. ಇಂಥವರನ್ನೆಲ್ಲ ಇಂಜಿನಿಯರ್ ಎಂದು ಯಾರು ಮಾಡುತ್ತಾರೋ.

ಬೆಳಿಗ್ಗೆ ಬಂದ. ಕಣ್ಣು ಕೆಂಪಗೆ, ಗಡ್ಡ ಬೆಳೆದಿತ್ತು. ಇನ್ನೂ ಮೂರು ಹಳ್ಳಿಗೆ ಹೋಗಬೇಕಂತೆ. ಒಂದೊಂದೇ ಗಾಜು ನೋಡುತ್ತ ಬಂದು ಕಂಬದ ಮುಂದೆ ನಿಂತ. ಬೆರಳಿನಿಂದ ಮೆಲ್ಲಗೆ ತಟ್ಟಿದ. ತಾರೀಕಿನ ಮೇಲೆ ಕಣ್ಣಾಡಿಸಿದ. ಆಯಿತು ಎಂದು ಚೀಲಕ್ಕೆ ಕೈ ಹಾಕಿದ. ಇಷ್ಟೆ.

“ಸರಿಯಾಗಿ ನೋಡಿದ್ರಾ?” ಎಂದೆ.

“ನೋಡಿದೆ.”

“ಇನ್ನೊಂದ್ಸಲ ನೋಡಿ.”

“ಒಡೆದಿಲ್ಲ ಮೇಡಂ.”

“ಸುತ್ತಿಗೆ ಎಲ್ಲಿ ನಿಮ್ದು? ಬಡಿದು ನೋಡೋದಿಲ್ವಾ? ಬೇರೆ ಎಲ್ಲ ಕಡೆ ಬಡೀತೀರಾ, ನಮ್ಮ ಮಕ್ಕಳು ಕೂರೋ ಕಡೆ ಮಾತ್ರ ಬೆರಳು ತಾಗಿಸಿ ಹೋಗ್ತೀರಾ?”

ಅವನು ನನ್ನನ್ನೇ ನೋಡಿದ. “ಮೂರು ವಾರದಿಂದ ಹಸಿರು ಕೊಡಿ ಅಂತ ನನ್ನ ಪ್ರಾಣ ತಿಂದಿದ್ದು ನೀವೇ ಅಲ್ವಾ ಮೇಡಂ? ಈಗ ಕೊಟ್ರೆ ಅದಕ್ಕೂ ಜಗಳನಾ?”

“ಕೊಡೋದನ್ನ ಸರಿಯಾಗಿ ಕೊಡಿ.”

“ಕೊಟ್ಟಾಯ್ತು” ಎಂದು ಬಾಗಿಲಿಗೆ ಅಂಟಿಸಿ, ಅಂಗೈಯಿಂದ ಉಜ್ಜಿ, ಹೊರಟೇಹೋದ.

ಪ್ಲಾಸ್ಟರಿನ ಬಣ್ಣ ನೋಡಬಾರದಾಗಿತ್ತೇ? ಉಳಿದ ಗಾಜುಗಳ ಪ್ಲಾಸ್ಟರು ಧೂಳು ಹಿಡಿದು ಕಂದಿದೆ, ಇದೊಂದು ಹಾಲಿನ ಹಾಗೆ ಬೆಳ್ಳಗಿದೆ. ಕುರುಡನಿಗೂ ಕಾಣುತ್ತದೆ. ಅವನಿಗೆ ಕಾಣಲಿಲ್ಲ. ಬೇಜವಾಬ್ದಾರಿ ಮನುಷ್ಯ.

ಫೆಬ್ರವರಿ ೨೮, ಶುಕ್ರವಾರ

ಊರಿಗೆಲ್ಲ ಸುದ್ದಿ ಹರಡಿದೆ. ಸೋಮವಾರ ಶಾಲೆ. ದರ್ಜಿ ಮಗಳಿಗೆ ಹೊಸ ಸಮವಸ್ತ್ರ ಹೊಲಿದಿದ್ದಾನೆ, ದಾರಿಯಲ್ಲಿ ನಿಲ್ಲಿಸಿ ತೋರಿಸಿದ. ಜೇಬಿನ ಮೇಲೆ ನಮ್ಮ ಶಾಲೆಯ ಹೆಸರನ್ನು ಕಸೂತಿ ಹಾಕಿದ್ದಾನೆ. ಚೆನ್ನಾಗಿದೆ ಎಂದೆ.

ಸಂಜೆ ತಂಗಿ ಚಹಾ ತಂದುಕೊಟ್ಟಳು. ಅವಳು ಚಹಾ ಮಾಡಿದರೆ ಏನೋ ಇದೆ ಎಂದೇ ಅರ್ಥ.

“ಗೆದ್ದೆ ಬಿಡು” ಎಂದಳು.

“ನಿನಗೆ ಹೊಟ್ಟೆಕಿಚ್ಚು.”

“ಹೌದು. ನಿನ್ನ ಮಕ್ಕಳು ನಮ್ಮಲ್ಲಿಗೇ ಬರ್ತಾರೆ, ಶಾಲೆ ದೊಡ್ಡದಾಗುತ್ತೆ ಅಂದ್ಕೊಂಡಿದ್ದೆ.” ಮುಚ್ಚುಮರೆ ಇಲ್ಲದೆ ಹೇಳಿದಳು. ಆಮೇಲೆ, “ಆದ್ರೆ ಗೆದ್ದವರು ಊಟ ಬಿಡೋದನ್ನ ನಾನು ಎಲ್ಲೂ ನೋಡಿಲ್ಲ. ಏನಾಗಿದೆ ಅಕ್ಕ ನಿನಗೆ?”

“ನಿನ್ನ ಕೈಯಡುಗೆ” ಎಂದೆ. ಲೋಟ ತೆಗೆದುಕೊಂಡು ಎದ್ದುಹೋದಳು. ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕೇಳಬೇಕಾದಾಗ ಕೇಳುವ ಬುದ್ಧಿ ಅವಳಿಗೆ ಚಿಕ್ಕಂದಿನಿಂದಲೂ ಇಲ್ಲ.

ಮಾರ್ಚ್ ೩, ಸೋಮವಾರ

ಬರೆದು ಮುಗಿಸಿಬಿಡುತ್ತೇನೆ.

ಎಲ್ಲರಿಗಿಂತ ಮೊದಲು ಹೋಗಿ ನೋಡಿದೆ. ಗಾಜು ಒಡೆದಿರಲಿಲ್ಲ. ಒಡೆದಿರಲಿ ಎಂದುಕೊಂಡೇ ಹೋಗಿದ್ದೆ. ಒಡೆದಿದ್ದರೆ ಇವತ್ತೇ ಒಡೆಯಿತು ನೋಡಿ ಎಂದು ಕೂಗಿ ಬಚಾವಾಗುತ್ತಿದ್ದೆ. ಹಾಳಾದ್ದು ಗಟ್ಟಿಯಾಗಿ ಕೂತಿತ್ತು.

ಮಕ್ಕಳು ಬಂದರು. ಅವರ ಹಿಂದೆ ಅಪ್ಪಂದಿರು, ಅಮ್ಮಂದಿರು, ಅಜ್ಜಿಯರು. ಮರದಡಿ ಹಾಸಿದ್ದ ಚಾಪೆಗಳನ್ನು ನೋಡಿ ಒಬ್ಬಳು ತಾಯಿ, “ಇದೇನು, ಹೊರಗೆ ಯಾಕೆ?” ಎಂದಳು. ಗಾಳಿ ಎಂದೆ. “ಗಾಳಿಗೇನು, ನಮ್ಮ ಮನೆ ಮುಂದೂ ಇದೆ” ಎಂದಳು. ಎಲ್ಲರೂ ನಕ್ಕರು. ದರ್ಜಿ, “ಹಸಿರು ಕೊಟ್ಟಿದ್ದಾರಲ್ಲ ದೊಡ್ಡ ಟೀಚರ್, ಮಕ್ಕಳನ್ನ ಒಳಗೇ ಕೂರಿಸಿ. ಇಷ್ಟು ದಿನ ಬೇರೆಯವರ ಮನೇಲಿ ಇದ್ದದ್ದು ಸಾಕು” ಎಂದು, ಮಗಳ ಕೈ ಹಿಡಿದು ಜಗುಲಿ ಹತ್ತಿದ. ಅವನ ಹಿಂದೆ ಒಂದನೇ ತರಗತಿಯ ಮಕ್ಕಳೆಲ್ಲ ಹೊರಟರು. ತಮ್ಮ ಹಳೆಯ ಕೋಣೆ ಎಲ್ಲಿದೆ ಎಂದು ಅವರಿಗೆ ಗೊತ್ತು. ಓಡಿದರು.

“ನಿಲ್ಲಿ” ಎಂದೆ. ಕಿರುಚಿದೆನಂತೆ, ಜವಾನ ಆಮೇಲೆ ಹೇಳಿದ. ಮಕ್ಕಳು ನಿಂತರು. ಇಳಿಯಿರಿ ಎಂದೆ, ಇಳಿದರು. ದರ್ಜಿ ಇಳಿಯಲಿಲ್ಲ, ಅವನ ಮಗಳು ಕೈ ಬಿಡಿಸಿಕೊಂಡು ಇಳಿದಳು. ಜಗುಲಿ ಹತ್ತಿ, ಕೈಯಲ್ಲಿದ್ದ ಕೀಲಿಗೊಂಚಲಿನಿಂದ ಕಂಬದ ಗಾಜಿಗೆ ಹೊಡೆದೆ. ಪುಡಿಯಾಯಿತು.

“ಇದು ನಾನು ಅಂಟಿಸಿದ ಗಾಜು” ಎಂದೆ. “ಇಂಜಿನಿಯರ್ ಅಂಟಿಸಿದ್ದು ಒಡೆದಿತ್ತು. ಇನ್ನೊಂದು ಅಂಟಿಸಿದೆ. ಅದೂ ಒಡೀತು, ಭೂಮಿ ನಡುಗದೇನೇ ಒಡೀತು. ಆಮೇಲೆ ಇದನ್ನ ಅಂಟಿಸಿದೆ. ಕಂಬ ಸರಿಯಿಲ್ಲ. ಯಾರೂ ಒಳಗೆ ಹೋಗೋ ಹಾಗಿಲ್ಲ.”

ಅರ್ಥವಾದ ಮೇಲೆ ಶುರುವಾಯಿತು. ಒಬ್ಬರು ನನ್ನನ್ನು ಕೊಲೆಗಡುಕಿ ಎಂದರು. ಇನ್ನೊಬ್ಬರು, ಇಷ್ಟು ದಿನ ಮುಚ್ಚಿಟ್ಟವಳಿಗೆ ಇನ್ನೆರಡು ದಿನ ಮುಚ್ಚಿಡಲು ಏನಾಗಿತ್ತು, ಶಾಲೆಯಾದರೂ ಉಳಿಯುತ್ತಿತ್ತು ಎಂದರು. ಆ ಇಬ್ಬರೂ ಗಂಡ ಹೆಂಡತಿ. ದರ್ಜಿ ನಾನು ನಿಂತಿದ್ದ ಕಡೆಗೆ ಉಗಿದ. ಸೆರಗಿನ ಅಂಚಿಗೆ ಬಿತ್ತು.

ಹಸಿರು ಕಾಗದ ಕಿತ್ತು ಹಾಕಿದೆ, ಅರ್ಧ ಬಾಗಿಲಲ್ಲೇ ಉಳಿಯಿತು. ಬೀಗ ಹಾಕಿದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಚಿಕ್ಕವರನ್ನು ಮುಂದೆ ಮಾಡಿ, ಬೀದಿಯಲ್ಲಿ ನಡೆಸಿಕೊಂಡು ಕಾಲುವೆ ದಾಟಿದೆ. ಹಿಂದೆ ಬೈಗುಳ ಬರುತ್ತಲೇ ಇತ್ತು. ತಂಗಿ ಗೇಟಿಗೆ ಬಂದು ನಿಂತಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು, ಮುಖದಲ್ಲೇ ಗೊತ್ತಾಯಿತು.

“ಸೇರಿಸ್ಕೋ” ಎಂದೆ.

“ಮಧ್ಯಾಹ್ನದ ಪಾಳಿಗಾ?”

“ಪೂರ್ತಿ.”

ನಾನು ಅವಳ ಕಣ್ಣು ನೋಡಲಿಲ್ಲ. ಅವಳು ಏನಾದರೂ ಅಂದಿದ್ದರೆ ಅಲ್ಲೇ ಬಿದ್ದುಹೋಗುತ್ತಿದ್ದೆ. ಗೇಟಿನ ಎರಡೂ ಬಾಗಿಲು ತೆರೆದು, “ಗದ್ದಲ ಮಾಡ್ಬೇಡಿ, ಪಾಠ ನಡೀತಿದೆ” ಎಂದು ಮಕ್ಕಳಿಗೆ ಹೇಳಿದಳು. ಆಮೇಲೆ ನನಗೆ, “ನೀನೂ ಬಾ. ಬಿಸಿಲಲ್ಲಿ ನಿಂತ್ಕೋಬೇಡ.”

ಅಷ್ಟು ಜನರ ಎದುರು ಅತ್ತೆ. ಥೂ.

ಮಾರ್ಚ್ ೪, ಮಂಗಳವಾರ

ಸುತ್ತಿಗೆ ತಂಗಿಯ ಶಾಲೆಗೇ ಬಂದ. ಅಂಗಳದಲ್ಲಿ ನಿಲ್ಲಿಸಿ ಬೈದ. ಬೈಯಲು ಅವನಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಹಸಿರಿನ ಮೇಲೆ ಇದ್ದದ್ದು ನನ್ನ ಸಹಿ. ಬಿದ್ದಿದ್ರೆ ನಾನು ಜೈಲಿಗೆ ಹೋಗ್ತಿದ್ದೆ, ಅದು ಬಿಡಿ. ಆ ಕೋಣೇಲಿ ಎಷ್ಟು ಮಕ್ಕಳು ಮೇಡಂ? ಎಷ್ಟು?”

“ಮೂವತ್ತೊಂದು” ಎಂದೆ.

“ನಿಮ್ಮ ಮಾತು ನಂಬಿದ್ದೆ ನಾನು.”

“ಯಾಕೆ ನಂಬಿದ್ರಿ? ನಂಬೋಕೆ ಕಳಿಸಿದ್ರಾ ನಿಮ್ಮನ್ನ, ನೋಡೋಕೆ ಕಳಿಸಿದ್ರಾ? ಪ್ಲಾಸ್ಟರು ಬೆಳ್ಳಗಿತ್ತು. ನೋಡಿ ಅಂತ ಬಾಯ್ಬಿಟ್ಟು ಹೇಳಿದೆ, ನೋಡಿದ್ರಾ ನೀವು?”

ಇಬ್ಬರೂ ದುರುಗುಟ್ಟಿಕೊಂಡು ನಿಂತಿದ್ದೆವು. ಕೊನೆಗೆ ಇಲಾಖೆಗೆ ದೂರು ಬರೆಯುತ್ತೇನೆ ಎಂದ. ಬರೆಯಿರಿ, ಅದನ್ನಾದರೂ ಎರಡು ಸಲ ಓದಿ ನೋಡಿ ಎಂದೆ. ಮುಖ ತಿರುಗಿಸಿಕೊಂಡು ಹೋದವನು ನೇರವಾಗಿ ನನ್ನ ಶಾಲೆಗೆ ಹೋಗಿ ಕೆಂಪು ಅಂಟಿಸಿದನಂತೆ. ಈ ಸಲ ಎಲ್ಲ ಕಂಬಗಳನ್ನೂ ಸುತ್ತಿಗೆಯಿಂದ ಬಡಿದನಂತೆ, ಜವಾನ ಹೇಳಿದ.

ಮಾರ್ಚ್ ೧೭, ಸೋಮವಾರ

ಇಲಾಖೆಯ ಆದೇಶ ಬಂತು. ನನ್ನ ಶಾಲೆ ಇನ್ನಿಲ್ಲ. ವಿಚಾರಣೆ ಮುಗಿಯುವ ತನಕ ನನಗೆ ಕುರ್ಚಿಯೂ ಇಲ್ಲ. ತಂಗಿಯ ಶಾಲೆಯಲ್ಲಿ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಚಿಕ್ಕ ಮಕ್ಕಳಿಗೆ ರಸ್ತೆ ದಾಟಿಸುತ್ತೇನೆ. ಯಾರೂ ಹೇಳಿದ ಕೆಲಸವಲ್ಲ. ಟೀಚರುಗಳು ನನ್ನನ್ನು ಮಾತಾಡಿಸುವುದಿಲ್ಲ, ತಂಗಿ ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿಸುತ್ತಾಳೆ, ಎರಡೂ ಸಹಿಸಲಾಗುವುದಿಲ್ಲ.

ದರ್ಜಿ ಇವತ್ತು ಮಗಳನ್ನು ಬಿಡಲು ಬಂದಿದ್ದ. ಅಂಗಿಯ ಜೇಬಿನ ಮೇಲಿದ್ದ ಕಸೂತಿ ಬಿಚ್ಚಿದ್ದಾನೆ, ಸೂಜಿಯ ತೂತುಗಳು ಕಾಣುತ್ತಿದ್ದವು. ಮಗಳು ನನ್ನ ಕೈ ಹಿಡಿದು ರಸ್ತೆ ದಾಟಿ ಒಳಗೆ ಓಡಿದಳು. ಅವನು ಆಚೆ ಬದಿಯಲ್ಲೇ ನಿಂತಿದ್ದ. ಅಲ್ಲಿಂದ ನೋಡಿದರೆ ಕಾಲುವೆಯಾಚೆ ನನ್ನ ಶಾಲೆಯ ಮೇಲಂತಸ್ತು ಕಾಣುತ್ತದೆ.

ಆವತ್ತಿನ ನಂತರ ಮೊದಲ ಬಾರಿ ನನ್ನೊಂದಿಗೆ ಮಾತಾಡಿದ.

“ನೋಡಿ ದೊಡ್ಡ ಟೀಚರ್” ಎಂದ, ಆ ಕಡೆ ಕೈ ತೋರಿಸಿ. “ಏನೂ ಆಗಿಲ್ಲ. ಇನ್ನೂ ನಿಂತೇ ಇದೆ.”

“ನಿಮ್ಮ ಮಗಳು ಎಲ್ಲಿ?” ಎಂದೆ.

“ಈಗ ತಾನೆ ಒಳಗೆ ಹೋದಳಲ್ಲ.”

“ಹಾಗಾದ್ರೆ ಅದು ನಿಂತಿರಲಿ ಬಿಡಿ” ಎಂದೆ.